ಹಣೆಬರಹ ತಿದ್ದುವ ಕಣ

ಲಿಂಫೋಮಾ ಎಂದು ಗೊತ್ತಾದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ‘ವಾಸಿಯಾಗುತ್ತಾ ಡಾಕ್ಟ್ರೇ?’ ಎಂಬುದು. ಎರಡನೆಯದನ್ನು ವೈದ್ಯರ ಮುಂದೆ ಯಾರೂ ಕೇಳುವುದಿಲ್ಲ. ಅದು ರಾತ್ರಿ ದೀಪ ಆರಿಸಿದ ಮೇಲೆ ಏಳುತ್ತದೆ: ಯಾವ ಜನ್ಮದ ಪಾಪವಪ್ಪಾ ಇದು? ಬಾಯಿಯ ಕ್ಯಾನ್ಸರಾದರೆ ಹೊಗೆಸೊಪ್ಪಿನ ಕಡೆ, ಶ್ವಾಸಕೋಶದ್ದಾದರೆ ಬೀಡಿಯ ಕಡೆ ಬೆರಳು ತೋರಿಸಬಹುದು. ದುಗ್ಧಗ್ರಂಥಿಯ ಕ್ಯಾನ್ಸರಿಗೆ ಹೆಚ್ಚಿನವರ ಬಾಳಿನಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಈ ಜನ್ಮದಲ್ಲಿ ತಪ್ಪು ಸಿಗದಿದ್ದರೆ ಹಿಂದಿನ ಜನ್ಮ ಇದ್ದೇ ಇದೆಯಲ್ಲ. ‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆಗೆ ಮಹರಾಯನ ವಯಸ್ಸು ಎಷ್ಟು ಎಂಬುದು ಮುಖ್ಯವಲ್ಲ.

1957ರಲ್ಲಿ ಉಗಾಂಡದ ಕಂಪಾಲಾದ ಮುಲಾಗೊ ಆಸ್ಪತ್ರೆಗೆ ಬಂದ ಮಹರಾಯನಿಗೆ ಐದು ವರ್ಷ. ದವಡೆ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ನಾಲ್ಕೂ ಕಡೆ ಊದಿಕೊಂಡು ಮುಖದ ಆಕಾರವೇ ಕೆಟ್ಟಿತ್ತು, ಹಲ್ಲುಗಳು ಸಡಿಲಾಗಿದ್ದವು. ನೋಡಲು ಕರೆಸಿದ್ದು ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯನನ್ನು. ಹನ್ನೊಂದನೇ ವಯಸ್ಸಿನಲ್ಲಿ ಒಂದು ಕಣ್ಣು ಕಳೆದುಕೊಂಡವನು. ದಿನವೂ ತಪ್ಪದೆ ಪ್ರಾರ್ಥಿಸುವ ಕಟ್ಟಾ ಕ್ರೈಸ್ತ. ಸೋಂಕಾಗಿದ್ದರೆ ನಾಲ್ಕೂ ಕಡೆ ಒಟ್ಟಿಗೆ ಬರುವುದು ಹೇಗೆ, ಗಡ್ಡೆಯಾಗಿದ್ದರೂ ಹೇಗೆ ಎಂದು ಅವನಿಗೆ ಬಗೆಹರಿಯಲಿಲ್ಲ. ಕೆಲವು ವಾರಗಳ ನಂತರ ಜಿಂಜಾ ಪಟ್ಟಣದ ಆಸ್ಪತ್ರೆಯ ಕಿಟಕಿಯಿಂದ ಹೊರಗೆ ನೋಡಿದಾಗ ತಾಯಿಯೊಂದಿಗೆ ಹುಲ್ಲಿನ ಮೇಲೆ ಕೂತ ಇನ್ನೊಂದು ಮಗುವಿನ ಮುಖವೂ ಹಾಗೇ ಊದಿತ್ತು. ಹೊಟ್ಟೆ ಮುಟ್ಟಿ ನೋಡಿದರೆ ಅಲ್ಲೂ ಗಡ್ಡೆ.

ಇಂಥ ನಂಬಿಕೆಯ ಮನುಷ್ಯ ‘ದೇವರೇ, ಈ ಮಗುವಿಗೇ ಯಾಕೆ?’ ಎಂದು ಮೊಣಕಾಲೂರಿ ಕೇಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೇಳಿರಲೂಬಹುದು. ಆದರೆ ನಕ್ಷೆ ಹರಡಿಕೊಂಡು ಕೂತಾಗ ಅವನು ಕೇಳಿದ್ದು ಬೇರೆ ಪ್ರಶ್ನೆ: ಎಲ್ಲೆಲ್ಲಿ? 1961ರಲ್ಲಿ ಇಬ್ಬರು ಮಿಷನ್ ವೈದ್ಯರನ್ನು ಕಟ್ಟಿಕೊಂಡು ಒಂದು ಹಳೇ ಫೋರ್ಡ್ ಕಾರಿನಲ್ಲಿ ಹತ್ತು ವಾರ, ಸುಮಾರು ಹತ್ತು ಸಾವಿರ ಮೈಲಿ ಪೂರ್ವ ಮತ್ತು ದಕ್ಷಿಣ ಆಫ್ರಿಕ ಸುತ್ತಿದ. ಆಸ್ಪತ್ರೆ ಸಿಕ್ಕಲ್ಲೆಲ್ಲ ಇಳಿದು ಮಕ್ಕಳ ಫೋಟೊ ತೋರಿಸಿ, ‘ಇಂಥದ್ದು ನೋಡಿದ್ದೀರಾ?’ ಎನ್ನುವುದು. ಎತ್ತರದ ತಂಪು ನಾಡಿನಲ್ಲಿ ರೋಗ ಅಪರೂಪ; ಬಿಸಿಲೂ ಮಳೆಯೂ ಸೇರುವ ತಗ್ಗಿನಲ್ಲಿ ಹೆಚ್ಚು. ಅದು ಪಾಪದ ನಕ್ಷೆಯಾಗಿರಲಿಲ್ಲ, ಸೊಳ್ಳೆಯ ನಕ್ಷೆಯಾಗಿತ್ತು. ಅವನ ಉಪನ್ಯಾಸವೊಂದನ್ನು ಲಂಡನ್ನಿನಲ್ಲಿ ಕೇಳಿದ್ದ ಆಂಥನಿ ಎಪ್‌ಸ್ಟೈನ್ 1964ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಆ ಗಡ್ಡೆಯ ಕಣಗಳಲ್ಲಿ ಒಂದು ವೈರಸ್ಸನ್ನು ಕಂಡ. ಎಪ್‌ಸ್ಟೈನ್-ಬಾರ್ ಎಂಬ ಆ ವೈರಸ್ ಜಗತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿದೆ. ಇದನ್ನು ಓದುತ್ತಿರುವವರಲ್ಲೂ ಬಹುಶಃ ಇದೆ.

ಹಾಗಾದರೆ ಕ್ಯಾನ್ಸರಾಗುವುದು ಹೇಗೆ? ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಂಟೇಳುತ್ತದಲ್ಲ, ಅದೇ ದುಗ್ಧಗ್ರಂಥಿ. ಅಂಥವು ಮೈತುಂಬ ನೂರಾರಿವೆ. ಸೋಂಕಿನ ಗಂಟು ಮುಟ್ಟಿದರೆ ನೋಯುತ್ತದೆ. ಲಿಂಫೋಮಾದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಅದಕ್ಕೇ ತಿಂಗಳುಗಟ್ಟಲೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಈ ಗ್ರಂಥಿಗಳಲ್ಲಿ ಬಿ ಕಣ ಎಂಬ ಬಿಳಿ ರಕ್ತಕಣಗಳು ವಾಸಿಸುತ್ತವೆ. ಹಿಂದೆಂದೂ ಕಾಣದ ರೋಗಾಣುವಿಗೂ ಪ್ರತಿಕಾಯ ಸಿದ್ಧವಾಗಿರಬೇಕು, ಅದು ಅವುಗಳ ಹೊಣೆ. ತಂದೆತಾಯಿಯಿಂದ ಬಂದ ವಂಶವಾಹಿಗಳನ್ನು ಮೈಯ ಬಹುಪಾಲು ಕಣಗಳು ಬಂದ ಹಾಗೇ ಇಟ್ಟುಕೊಳ್ಳುತ್ತವೆ. ಬಿ ಕಣ ಮಾತ್ರ ಪ್ರತಿಕಾಯದ ವಂಶವಾಹಿಯನ್ನು ಕತ್ತರಿಸಿ ತುಂಡುಗಳನ್ನು ಹೊಸದಾಗಿ ಜೋಡಿಸುತ್ತದೆ. ಇದನ್ನು ತೋರಿಸಿಕೊಟ್ಟ ಸುಸುಮು ತೊನೆಗಾವಾಗೆ 1987ರ ನೊಬೆಲ್ ಬಂತು. ಗ್ರಂಥಿಯೊಳಗೆ ಸೇರಿದ ಮೇಲೆ ಮತ್ತೊಂದು ಸುತ್ತು, ಬೇಕೆಂದೇ ಅಕ್ಷರ ತಪ್ಪಿಸಿ ಬರೆಯುತ್ತದೆ. ತಪ್ಪುಗಳಲ್ಲಿ ರೋಗಾಣುವನ್ನು ಇನ್ನೂ ಬಿಗಿಯಾಗಿ ಹಿಡಿಯುವುದು ಉಳಿಯುತ್ತದೆ, ಮಿಕ್ಕವು ಸಾಯುತ್ತವೆ. ಹಣೆಬರಹ ಅಳಿಸಲಾಗದು ಎನ್ನುವ ನಮ್ಮ ಮೈಯೊಳಗೇ ತನ್ನ ಬರಹವನ್ನು ತಾನೇ ತಿದ್ದಿಕೊಳ್ಳುವ ಕಣವಿದೆ. ಮಗು ನೂರು ಜ್ವರ ದಾಟಿ ಬೆಳೆಯುವುದು ಅದರ ದೆಸೆಯಿಂದ.

ಕತ್ತರಿ ಆಡುವಲ್ಲಿ ಕೈತಪ್ಪುವುದೂ ಇದೆ. ಎಂಟನೇ ವರ್ಣತಂತುವಿನ ತುಂಡು ಹದಿನಾಲ್ಕನೆಯದಕ್ಕೆ ಅಂಟಿಕೊಂಡರೆ ‘ಬೆಳೆ’ ಎನ್ನುವ ವಂಶವಾಹಿ ಪ್ರತಿಕಾಯದ ಅಂಗಳದಲ್ಲಿ ಬಂದು ಕೂರುತ್ತದೆ, ಕಣ ನಿಲ್ಲದೆ ಇಬ್ಭಾಗವಾಗುತ್ತದೆ. ಬರ್ಕಿಟ್ ಕಂಡ ರೋಗ ಇದು. ಮಲೇರಿಯಾ ಈ ಕಣಗಳನ್ನು ಪದೇಪದೇ ಕೆಣಕಿ ಕತ್ತರಿ ಓಡಿಸುತ್ತಲೇ ಇರುತ್ತದೆ; ಸಾಯಬೇಕಾದ ಕಣವನ್ನು ವೈರಸ್ ಸಾಯಗೊಡುವುದಿಲ್ಲ. ಇನ್ನೊಂದು ಬಗೆಯ ಲಿಂಫೋಮಾದಲ್ಲಿ ಹದಿನಾಲ್ಕಕ್ಕೆ ಹದಿನೆಂಟನೆಯದು ಅಂಟಿಕೊಂಡು, ಕಣ ತನ್ನ ಸಾವಿನ ಅಪ್ಪಣೆಯನ್ನೇ ಕೇಳದಂತಾಗುತ್ತದೆ. ಕಾಯುವ ಕತ್ತರಿಯೇ ಕೊಯ್ದ ಕೆಲಸದಲ್ಲಿ ಮಗುವಿನ ಪಾಪವನ್ನು ಎಲ್ಲಿ ಸೇರಿಸುವುದು?

ಈ ಅನುಮಾನ ನಿನ್ನೆ ಮೊನ್ನೆಯದಲ್ಲ. ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ ಬುದ್ಧ ಪಿತ್ತ, ಕಫ, ವಾತ, ಋತುವಿನ ಬದಲಾವಣೆ ಎಂದು ಕಾರಣಗಳನ್ನು ಎಣಿಸುತ್ತ ಹೋಗಿ, ಕರ್ಮಕ್ಕೆ ಎಂಟರಲ್ಲಿ ಕೊನೆಯ ಜಾಗ ಕೊಟ್ಟ. ಚರಕ ಸಂಹಿತೆಯ ವಿಮಾನಸ್ಥಾನ ಇನ್ನೂ ಖಡಕ್ಕು: ಆಯುಸ್ಸು ಎಲ್ಲರಿಗೂ ಬರೆದಿಟ್ಟದ್ದೇ ಆದರೆ ಮದ್ದೇಕೆ, ಹೋಮವೇಕೆ, ಕೆರಳಿದ ಆನೆಗೆ ಹೆದರಿ ಓಡುವುದೇಕೆ? ಚರಕ ದೈವವನ್ನು ಅಲ್ಲಗಳೆಯಲಿಲ್ಲ. ದೈವ ದುರ್ಬಲವಿದ್ದರೆ ಮನುಷ್ಯನ ಯತ್ನ ಅದನ್ನು ಮೆಟ್ಟುತ್ತದೆ ಎಂದ. ಬರ್ಕಿಟ್ ಓದುತ್ತಿದ್ದ ಬೈಬಲ್ಲಿನಲ್ಲೂ ಮೈಯೆಲ್ಲ ಹುಣ್ಣಾದ ಯೋಬನಿಗೆ ‘ನೀನೇನೋ ಮಾಡಿರಬೇಕು’ ಎಂದ ಗೆಳೆಯರನ್ನು ದೇವರು ಕೊನೆಯಲ್ಲಿ ಗದರಿಸುತ್ತಾನೆ.

ಕರ್ಮದ ಮಾತಿಗೂ ಒಂದು ಸಮಾಧಾನವಿದೆ, ಸುಳ್ಳಲ್ಲ: ಲೋಕದಲ್ಲಿ ಲೆಕ್ಕವಿದೆ ಎಂಬ ಭರವಸೆ. ಆದರೆ ಆ ಲೆಕ್ಕದ ಪುಸ್ತಕವನ್ನು ಕಾಯಿಲೆ ಮಲಗಿದವನ ತಲೆದಿಂಬಿನ ಬಳಿ ತೆರೆಯುವವರು ಸಾಮಾನ್ಯವಾಗಿ ಆರೋಗ್ಯವಾಗಿರುವವರು.

ಬರ್ಕಿಟ್‌ನ ಬಳಿ ಆಗ ವಿಕಿರಣದ ಯಂತ್ರವಿರಲಿಲ್ಲ. 1960ರ ದಶಕದ ಆರಂಭದಲ್ಲಿ ಮೆಥೊಟ್ರೆಕ್ಸೇಟ್, ಸೈಕ್ಲೊಫಾಸ್ಫಮೈಡ್ ಕೊಟ್ಟು ನೋಡಿದ. ಎಷ್ಟೋ ಮಕ್ಕಳು ಉಳಿಯಲಿಲ್ಲ. ಕೆಲವು ಮಕ್ಕಳಿಗೆ ಮಾತ್ರ ಒಂದೆರಡು ಡೋಸಿಗೇ ಗಡ್ಡೆ ಕರಗಿತು, ವರ್ಷಗಳಾದರೂ ಮರಳಲಿಲ್ಲ. ಆ ಮಕ್ಕಳು ಯಾವ ಪುಣ್ಯ ಮಾಡಿದ್ದರು ಎಂದು ಯಾರೂ ವಿಚಾರಿಸಿದಂತಿಲ್ಲ.