ಬಾಳೆಹಣ್ಣು ತಿನ್ನುವ ಕೋಣೆ

ಮೊರಪ್ಪೂರಿನ ನಮ್ಮ ಮನೆಯ ನಡುಕೋಣೆಯಲ್ಲಿ ಹಿಂದೊಂದು ಕುಣಿಮಗ್ಗವಿತ್ತು. ಅಜ್ಜ ಅದರಲ್ಲಿ ಕೂತು ನೇಯುತ್ತಿದ್ದರು. ತಂದೆಯವರೂ ಕೆಲವು ವರ್ಷ ನೇಯ್ದರು. ಈಗ ಆ ಕುಣಿಯನ್ನು ಮುಚ್ಚಿ ಗಾರೆ ಹಾಕಿದ್ದೇವೆ. ಅದರ ಮೇಲೆ ನನ್ನ ಮೇಜು, ಮೇಜಿನ ಮೇಲೆ ಕಂಪ್ಯೂಟರ್. ಹಗಲು ತಮಿಳು ಮಾಧ್ಯಮದ ಶಾಲೆಯಲ್ಲಿ ಗಣಿತ ಕಲಿಸುವ ನಾನು ರಾತ್ರಿ ಊಟವಾದ ಮೇಲೆ ಇಲ್ಲಿ ಕೂತು ವಿದ್ಯಾರ್ಥಿಯಾಗುತ್ತೇನೆ. ನಲವತ್ತಾರನೆಯ ವಯಸ್ಸಿನಲ್ಲಿ ಗಣಕ ವಿಜ್ಞಾನದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ ಎಂದರೆ ನಗುವವರು ನಗಲಿ. ಸೇಲಂ ಕಡೆಗೆ ಹೋಗುವ ರೈಲುಗಳ ಸದ್ದಿನ ನಡುವೆ, ಎಂದೂ ನೋಡದ ಊರಿನ ಎಂದೂ ನೋಡದ ಗುರುಗಳ ಪಾಠ ಕೇಳುವುದರಲ್ಲಿ ಒಂದು ಸುಖವಿದೆ. ಆದರೆ ಈ ಬರಹ ಆ ಸುಖದ ಬಗ್ಗೆ ಅಲ್ಲ. ಆ ಕೋಣೆಯಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಗಡಿನಾಡಿನ ಓದುಗರಿಗೆ ನಮ್ಮ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನವರು 1956ರ ನವೆಂಬರ್ 1ರಂದು ಕಂಡದ್ದನ್ನು ನಮ್ಮ ಬಾರಾಮಹಲ್ ಸೀಮೆಯ ಹಿರಿಯರು ಇನ್ನೂ ಹಿಂದೆಯೇ ಕಂಡಿದ್ದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಕೈಯಿಂದ ಕಂಪನಿಯ ಕೈಗೆ ಹೋದ ನೆಲ ಇದು. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಪುಸ್ತಕದಲ್ಲಿ ಇಂಗ್ಲಿಷು. ಹೀಗೆ ಮೂರು ಭಾಷೆಗಳನ್ನು ಮೂರು ಜೇಬಿನಲ್ಲಿಟ್ಟುಕೊಂಡು ಬದುಕುವುದು ನಮಗೆ ರೂಢಿ. ಹೆಚ್ಚಿನ ಓದು ಬೇಕೆಂದವರು ಮನೆ ಬಿಡಬೇಕಿತ್ತು. ಬಿಟ್ಟವರ ಮಕ್ಕಳಿಗೆ ಮನೆಯ ಕನ್ನಡ ಉಳಿಯುವುದು ಅಪರೂಪ. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಬಂದ ಕಿರುಗೇಜಿನ ರೈಲು ಯುದ್ಧಕಾಲದಲ್ಲಿ, 1941ರಲ್ಲಿ ನಿಂತೇ ಹೋಯಿತು. ದಾರಿಗಳು ಬರುವುದೂ ಹೋಗುವುದೂ ನಮ್ಮ ಕೈಯಲ್ಲಿರಲಿಲ್ಲ.

ಆದ್ದರಿಂದ ಓದೇ ಮನೆ ಬಾಗಿಲಿಗೆ ಬಂದಾಗ ನನಗಾದ ಸಂತೋಷವನ್ನು ನೀವು ಊಹಿಸಬಹುದು. ಇದು ಒಂದೇ ದಿನದಲ್ಲಿ ಬಂದದ್ದಲ್ಲ. ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ ದೂರದವರಿಗೆ ಪರೀಕ್ಷೆಯ ಬಾಗಿಲು ತೆರೆದಿತ್ತು. ದೆಹಲಿಯಲ್ಲಿ 1962ರಲ್ಲಿ, ಮೈಸೂರಿನಲ್ಲಿ 1969ರಲ್ಲಿ ಅಂಚೆ ಮೂಲಕ ಶಿಕ್ಷಣ ಆರಂಭವಾಯಿತು. 1985ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಬಂತು. 2003ರಲ್ಲಿ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ಯೋಜನೆಯಲ್ಲಿ ತಮ್ಮ ಪಾಠಗಳನ್ನು ಎಲ್ಲರಿಗೂ ತೆರೆದಿಡಲು ಹೊರಟವು. 2014ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯು ಗಣಕ ವಿಜ್ಞಾನದ ಪೂರ್ಣ ಸ್ನಾತಕೋತ್ತರ ಪದವಿಯನ್ನೇ ಅಂತರ್ಜಾಲದಲ್ಲಿ, ಸುಮಾರು 7,000 ಡಾಲರಿಗೆ ಕೊಡತೊಡಗಿತು. ಮದ್ರಾಸಿನ ಐಐಟಿ 2020ರಲ್ಲಿ ತನ್ನ ಆನ್‌ಲೈನ್ ಪದವಿ ತರಗತಿಗಳನ್ನು ಘೋಷಿಸಿತು. ಮಾನ್ಯತೆ ಪಡೆದ ಸಂಸ್ಥೆಗಳ ಇಂಥ ಪದವಿಗಳು ತರಗತಿಯಲ್ಲಿ ಕೂತು ಪಡೆದ ಪದವಿಗಳಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಕಾಗದದ ಮಟ್ಟಿಗೆ ಸಮಾನತೆ ಬಂತು. ಉಳಿದದ್ದು ಓದುವವನ ಮನಸ್ಸು.

ನಾನು ಸೇರಿದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಅಲ್ಲಿಯ ಪರೀಕ್ಷೆಯ ಕ್ರಮ ಹೀಗಿದೆ: ಮೊದಲು ಕ್ಯಾಮೆರಾ ಹಿಡಿದು ಕೋಣೆಯ ನಾಲ್ಕು ಗೋಡೆಗಳನ್ನೂ ಮೇಜಿನ ಅಡಿಯನ್ನೂ ತೋರಿಸಬೇಕು. ಬಾಗಿಲು ಮುಚ್ಚಬೇಕು. ಆಮೇಲೆ ಪರೀಕ್ಷೆ ಮುಗಿಯುವವರೆಗೆ ಮುಖವನ್ನು ಆಚೆ ತಿರುಗಿಸುವಂತಿಲ್ಲ, ಮಾತಾಡುವಂತಿಲ್ಲ. ನಾನು ನಿಯಮದಂತೆಯೇ ಕೂತಿದ್ದೆ. ಅರ್ಧ ಬರೆದಿರುವಾಗ ಬಾಗಿಲು ತಳ್ಳಿಕೊಂಡು ಅಮ್ಮ ಬಂದರು. "ಮಗಾ, ರಾತ್ರಿ ಮಾತ್ರೆ ಎಲ್ಲಿ ಇಕ್ಕಿದ್ದೀಯಪ್ಪಾ?" ಎಂದು ಕೇಳಿದರು. ನಾನು ಕೈಸನ್ನೆ ಮಾಡಿ ಕಪಾಟು ತೋರಿಸಿದೆ. ಅಷ್ಟೇ.

ಎರಡು ದಿನಗಳ ಮೇಲೆ ಪತ್ರ ಬಂತು. ಪರೀಕ್ಷೆಯ ನಡುವೆ ಇನ್ನೊಬ್ಬ ವ್ಯಕ್ತಿಯ ಧ್ವನಿ ಕೇಳಿಬಂದಿದೆ, ನೀವು ಸನ್ನೆ ಮಾಡಿದ್ದೀರಿ, ಆಡಿದ ಭಾಷೆ ನಮಗೆ ಗೊತ್ತಿಲ್ಲ, ವಿವರಣೆ ಕೊಡಿ ಎಂದು. ನಾನು ಅಮ್ಮನ ಆ ಒಂದು ವಾಕ್ಯವನ್ನು ಇಂಗ್ಲಿಷಿಗೆ ಅನುವಾದಿಸಿ, ಮಾತ್ರೆಯ ಹೆಸರನ್ನೂ ಬರೆದು ಕಳಿಸಿದೆ. ಅವರು ಒಪ್ಪಿಕೊಂಡರು, ವಿಷಯ ಮುಗಿಯಿತು. ಆದರೆ ನನ್ನ ಸಿಟ್ಟು ಮುಗಿಯಲಿಲ್ಲ. ನಮ್ಮ ಮನೆಯೊಳಗೆ, ನಮ್ಮಮ್ಮನ ಬಾಯಲ್ಲಿ ಬಂದ ಕನ್ನಡವನ್ನು ಸಂಶಯದ ಸದ್ದೆಂದು ಯಾರೋ ಬರೆದುಕೊಂಡರಲ್ಲ! ಇಪ್ಪತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವನು ನಾನು, ನನ್ನನ್ನೇ ಕಳ್ಳನೆಂದುಕೊಂಡರಲ್ಲ! ಆ ರಾತ್ರಿ ನಿದ್ದೆ ಬರಲಿಲ್ಲ.

ನಿದ್ದೆ ಬಾರದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಹೇಳದೆ ಸಿಟ್ಟನ್ನು ಮಾತ್ರ ಹೇಳಿದರೆ ಈ ಬರಹವೂ ಒಂದು ಮೋಸವಾದೀತು. ಆ ಪರೀಕ್ಷೆಗೆ ಎರಡು ವಾರ ಮೊದಲು ಅದೇ ವಿಷಯದಲ್ಲಿ ಒಂದು ಪ್ರೋಗ್ರಾಮು ಬರೆದು ಒಪ್ಪಿಸಬೇಕಿತ್ತು. ಸರಕು ಸಾಗಿಸುವ ವಾಹನಗಳಿಗೆ ದಾರಿ ಹಂಚುವ ಲೆಕ್ಕ ಅದು. ಶಾಲೆಯಲ್ಲಿ ಉತ್ತರ ಪತ್ರಿಕೆಗಳ ರಾಶಿ, ಮನೆಯಲ್ಲಿ ಅಮ್ಮನ ಜ್ವರ. ಮೂರು ರಾತ್ರಿ ಕೂತರೂ ಲೆಕ್ಕ ಬಗೆಹರಿಯಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ, ಓದಿನಲ್ಲಿ ನನಗಿಂತ ಮುಂದಿದ್ದ ಒಬ್ಬ ಕಿರಿಯ ಮಿತ್ರರು ತಾವು ಹಿಂದೆ ಬರೆದದ್ದನ್ನು "ಸುಮ್ಮನೆ ನೋಡಿಕೊಳ್ಳಿ ಸಾರ್" ಎಂದು ಕಳಿಸಿದರು. ನಾನು ನೋಡಿಕೊಂಡೆ. ಹೆಸರುಗಳನ್ನು ಬದಲಾಯಿಸಿದೆ, ಸಾಲುಗಳನ್ನು ಹಿಂದುಮುಂದು ಮಾಡಿದೆ, ಒಪ್ಪಿಸಿದೆ. ಒಳ್ಳೆಯ ಅಂಕ ಬಂತು. ಆಗ ಕ್ಯಾಮೆರಾ ಇರಲಿಲ್ಲ, ಯಾರೂ ಪತ್ರ ಬರೆಯಲಿಲ್ಲ. ತಪ್ಪಿಲ್ಲದ ಕಡೆ ಸಂಶಯಕ್ಕೆ ಗುರಿಯಾದವನು ತಪ್ಪು ಮಾಡಿದ ಕಡೆ ಸಭ್ಯನಾಗಿಯೇ ಉಳಿದಿದ್ದೆ.

ನಮ್ಮಲ್ಲಿ ಮಕ್ಕಳಿಗೆಲ್ಲ ಹೇಳುವ ಕಥೆಯೊಂದಿದೆ. ಶಾಲೆಯಲ್ಲಿ ಕನ್ನಡ ಕಲಿಯದ ನನಗೆ ಅದು ಅಮ್ಮನ ಬಾಯಿಂದ ಬಂದದ್ದು. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದರಂತೆ. ಒಬ್ಬೊಬ್ಬರು ಒಂದೊಂದು ಮೂಲೆ ಹುಡುಕಿ ತಿಂದು ಬಂದರು. ಕನಕದಾಸರು ಮಾತ್ರ ಹಣ್ಣನ್ನು ಹಾಗೇ ಹಿಂದಕ್ಕೆ ತಂದರು. ದೇವರು ನೋಡದ ಜಾಗ ಸಿಗಲಿಲ್ಲ ಎಂದರು. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನಾನು ಹೆದರಿಕೊಂಡಿದ್ದೆ: ಎಲ್ಲೆಡೆ ಒಂದು ಕಣ್ಣಿದೆ, ತಪ್ಪಿಸಿಕೊಳ್ಳಲಾಗದು ಎಂದು. ಈಗ ನನಗನ್ನಿಸುವುದು ಬೇರೆ. ಕನಕದಾಸರು ಹೆದರಿ ತಿನ್ನದೆ ಬಂದವರಲ್ಲ. ಹೆದರುವವನು ಕಣ್ಣಿಲ್ಲದ ಜಾಗ ಹುಡುಕುತ್ತಲೇ ಇರುತ್ತಾನೆ. ಕ್ಯಾಮೆರಾ ಇಟ್ಟರೆ ಕ್ಯಾಮೆರಾ ತಲುಪದ ಮೂಲೆ ಅವನಿಗೆ ಸಿಗುತ್ತದೆ. ನನಗೂ ಸಿಕ್ಕಿತ್ತು. ಕನಕದಾಸರಿಗೆ ಅಂಥ ಮೂಲೆ ಸಿಗಲಿಲ್ಲವೆಂದರೆ, ನೋಡುವ ಕಣ್ಣು ಅವರ ಜೊತೆಯಲ್ಲೇ ನಡೆದು ಬರುತ್ತಿತ್ತೆಂದು ಅರ್ಥ. ಪರೀಕ್ಷೆಯ ಕ್ಯಾಮೆರಾ ಆ ಕಣ್ಣಿನ ಜಾಗ ತುಂಬಲಾರದು. ಅದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ; ಸಾವಿರಾರು ಜನ ಪರೀಕ್ಷೆ ಬರೆಯುವಲ್ಲಿ ಬೇಲಿ ಬೇಕಾದೀತು. ಆದರೆ ಬೇಲಿಯೇ ಬೆಳೆಯಲ್ಲ.

ಮಿತ್ರರೊಬ್ಬರು ಇದನ್ನು ಕೇಳಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. "ಕಂಪನಿಗಳಲ್ಲಿ ದಿನವೂ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬಳಸುತ್ತಾರೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಗ್ನು ಯೋಜನೆಯ ತತ್ತ್ವವೇ ಪ್ರೋಗ್ರಾಮುಗಳನ್ನು ಹಂಚಿಕೊಳ್ಳಬೇಕು ಎಂಬುದು. ಹಂಚಿಕೊಳ್ಳುವುದು ಪುಣ್ಯವಾದರೆ ನೀವು ಮಾಡಿದ್ದು ಪಾಪ ಹೇಗೆ?" ಎಂದರು. ನಾನು ಅಜ್ಜನ ಮಗ್ಗವನ್ನು ನೆನೆದು ಉತ್ತರ ಹೇಳಿದೆ. ಅಜ್ಜ ತಂದೆಗೆ ಕೆಲಸ ಕಲಿಸುವಾಗ ಒಂದು ಸೀರೆ ನೇಯಲು ಹೇಳಿದರೆನ್ನಿ. ತಂದೆ ಅಂಗಡಿಗೆ ಹೋಗಿ ಅದಕ್ಕಿಂತ ಚೆಂದದ ಸೀರೆ ತಂದು ಮುಂದಿಟ್ಟಿದ್ದರೆ? ಸೀರೆಯಲ್ಲಿ ಕುಂದಿಲ್ಲ, ಮಾರಿದರೆ ಬೆಲೆಯೂ ಬರುತ್ತದೆ. ಆದರೆ ಅಜ್ಜನಿಗೆ ಬೇಕಾಗಿದ್ದದ್ದು ಸೀರೆಯಲ್ಲ. ಲಾಳಿ ಹಿಡಿಯಬಲ್ಲ ಮಗನ ಕೈ. ಕಂಪನಿಗೆ ಬೇಕಾದದ್ದು ಪ್ರೋಗ್ರಾಮು, ಗುರುವಿಗೆ ಬೇಕಾದದ್ದು ಅದನ್ನು ಬರೆಯುವಾಗ ನನ್ನ ತಲೆಯಲ್ಲಿ ಆಗಬೇಕಾದ ಬದಲಾವಣೆ.

ಇನ್ನೊಂದು ಸಮಾಧಾನವನ್ನು ನಾನೇ ನನಗೆ ಹೇಳಿಕೊಂಡಿದ್ದೆ: ಓದಿದಾಗ ನನಗೆ ಅರ್ಥವಾಯಿತಲ್ಲ, ಅರ್ಥವಾದ ಮೇಲೆ ಅದು ನನ್ನದೇ ಅಲ್ಲವೇ? ವಿಚಿತ್ರವೆಂದರೆ ಇದಕ್ಕೆ ಉತ್ತರ ನಾನು ಓದುತ್ತಿದ್ದ ಪಾಠದಲ್ಲಿಯೇ ಇತ್ತು. 8051 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಎಂದು ಕೇಳಿದರೆ ಮಗು ಬಹಳ ಹೊತ್ತು ತಡಕಾಡಬೇಕು. ಉತ್ತರ 83 ಮತ್ತು 97 ಎಂದು ಹೇಳಿಬಿಟ್ಟರೆ ಗುಣಿಸಿ ನೋಡಿ ಅರ್ಧ ನಿಮಿಷದಲ್ಲಿ ಸರಿ ಎನ್ನುತ್ತದೆ. ಹುಡುಕುವುದು ಬೇರೆ, ಸಿಕ್ಕಿದ್ದನ್ನು ಪರೀಕ್ಷಿಸುವುದು ಬೇರೆ. ಬೇಗ ಪರೀಕ್ಷಿಸಬಹುದಾದ ಉತ್ತರಗಳನ್ನೆಲ್ಲ ಬೇಗ ಹುಡುಕಲೂ ಸಾಧ್ಯವೇ ಎಂಬುದನ್ನು 1971ರಲ್ಲಿ ಸ್ಟೀಫನ್ ಕುಕ್ ಖಚಿತವಾದ ರೂಪದಲ್ಲಿ ಮುಂದಿಟ್ಟರು. 2000ದಲ್ಲಿ ಕ್ಲೇ ಸಂಸ್ಥೆ ಅದಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಇಂದಿಗೂ ಅದು ಬಗೆಹರಿದಿಲ್ಲ. ಗಣಿತದ ಪ್ರಶ್ನೆ ಹೇಗೇ ಬಗೆಹರಿಯಲಿ, ನನ್ನ ಮಟ್ಟಿಗೆ ವಿಷಯ ಸ್ಪಷ್ಟವಾಯಿತು. ಮಿತ್ರರ ಬರಹ ಓದಿ ನಾನು ತಲೆಯಾಡಿಸಿದ್ದೆ, ಅಷ್ಟೇ. ತಲೆಯಾಡಿಸಿದ್ದಕ್ಕೆ ಹುಡುಕಿದವನ ಅಂಕ ಪಡೆದಿದ್ದೆ.

ಗುರುಗಳ ಕಡೆಯವರೂ ಪೂರ್ತಿ ಪ್ರಾಮಾಣಿಕರೇ ಎಂದು ಕೇಳಬಹುದು. 2016ರಲ್ಲಿ ಜಾರ್ಜಿಯಾ ಟೆಕ್‌ನ ಆನ್‌ಲೈನ್ ತರಗತಿಯೊಂದರಲ್ಲಿ ಪ್ರಾಧ್ಯಾಪಕ ಅಶೋಕ್ ಗೋಯಲ್ ಅವರು 'ಜಿಲ್ ವಾಟ್ಸನ್' ಎಂಬ ಸಹಾಯಕಿಯನ್ನು ನೇಮಿಸಿದ್ದರು. ಆಕೆ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಚುರುಕಾಗಿ ಉತ್ತರಿಸುತ್ತಿದ್ದಳು. ಆಕೆ ಮನುಷ್ಯಳಲ್ಲ, ಒಂದು ಪ್ರೋಗ್ರಾಮು ಎಂಬುದು ಅವಧಿಯ ಕೊನೆಯಲ್ಲಿಯೇ ಅವರಿಗೆ ತಿಳಿದದ್ದು. ಪ್ರಯೋಗವೆಂದು ಅನೇಕರು ಮೆಚ್ಚಿದರು. ನನಗೆ ಮಾತ್ರ ಸ್ವಲ್ಪ ಇರುಸುಮುರುಸು. ಕ್ಯಾಮೆರಾ ಹಿಡಿದು ನನ್ನ ಮೇಜಿನ ಅಡಿಯನ್ನು ನೋಡುವ ವಿದ್ಯಾಸಂಸ್ಥೆಗಳು ತಮ್ಮ ಕೋಣೆಯನ್ನೂ ಒಮ್ಮೆ ತೋರಿಸುವುದು ನ್ಯಾಯ. ಕೇಳಿದ್ದನ್ನೆಲ್ಲ ಬರೆದುಕೊಡುವ ಯಂತ್ರಗಳು 2022ರ ಕೊನೆಯಿಂದ ಮನೆಮನೆಗೂ ಬಂದಿರುವ ಈ ಕಾಲದಲ್ಲಂತೂ ಎರಡೂ ಕಡೆಯವರಿಗೆ ಈ ಮಾತು ಅನ್ವಯಿಸುತ್ತದೆ. ಆದರೂ ಎದುರಿನವರು ಮುಚ್ಚಿಟ್ಟರೆಂಬುದು ನಾನು ಮುಚ್ಚಿಡುವುದಕ್ಕೆ ರಹದಾರಿಯಾಗದು.

ತಪ್ಪೊಪ್ಪಿಕೊಂಡು ಪತ್ರ ಬರೆಯೋಣವೆಂದುಕೊಂಡೆ. ಬರೆಯುವ ಮೊದಲು ಬೆಂಗಳೂರಿನ ಮಿತ್ರರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾರ್, ನೀವು ಮೇಷ್ಟ್ರು, ನಿಮ್ಮ ಕೆಲಸ ಎಲ್ಲಿಗೂ ಹೋಗೋದಿಲ್ಲ. ಬರೆದದ್ದು ನಂದು ಅಂತ ಅವರಿಗೆ ಗೊತ್ತಾದರೆ ನನ್ನ ಪದವಿಗೇ ಕುತ್ತು ಬರುತ್ತೆ. ನಿಮ್ಮ ಮನಸ್ಸು ಹಗುರ ಆಗೋಕೆ ನಾನ್ಯಾಕೆ ಬೆಲೆ ಕೊಡಬೇಕು?" ಎಂದರು. ನನಗೆ ಉತ್ತರ ತೋಚಲಿಲ್ಲ. ಉಪಕಾರ ಮಾಡಿದವರಿಗೆ ಅಪಕಾರ ಮಾಡಿ ಪಡೆಯುವ ಶುದ್ಧಿ ಎಂಥ ಶುದ್ಧಿ? ತಪ್ಪು ನನ್ನೊಬ್ಬನದಾಗಿದ್ದರೆ ಒಪ್ಪಿಗೆಯೂ ನನ್ನೊಬ್ಬನದಾಗುತ್ತಿತ್ತು. ಹಾಸು ಹೊಕ್ಕಿನಂತೆ ಇನ್ನೊಬ್ಬರ ಎಳೆ ಸೇರಿಕೊಂಡ ಮೇಲೆ ನನ್ನ ಎಳೆಯನ್ನಷ್ಟೇ ಎಳೆದು ತೆಗೆಯಲಾಗುವುದಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ವಿಷಯವನ್ನು ಕೈಬಿಡಲು ಕೊಟ್ಟಿದ್ದ ಗಡುವು ಇನ್ನೂ ಮುಗಿದಿರಲಿಲ್ಲ. ನಾನು ಅದನ್ನು ಕೈಬಿಟ್ಟೆ. ಕಾರಣವೆಂಬ ಜಾಗದಲ್ಲಿ 'ವೈಯಕ್ತಿಕ' ಎಂದು ಬರೆದೆ. ಕಟ್ಟಿದ ಶುಲ್ಕ ಹೋಯಿತು, ಆರು ತಿಂಗಳು ಹೋಯಿತು. ಮುಂದಿನ ಅವಧಿಯಲ್ಲಿ ಅದನ್ನೇ ಮತ್ತೆ ತೆಗೆದುಕೊಂಡು, ಆ ಲೆಕ್ಕವನ್ನು ನಾನೇ ಮಾಡಿದೆ. ಹನ್ನೊಂದು ರಾತ್ರಿ ಹಿಡಿಯಿತು. ಹಿಂದಿಗಿಂತ ಕಡಿಮೆ ಅಂಕ ಬಂತು. ಇದರಿಂದ ತಪ್ಪು ಅಳಿಯಿತೆಂದು ನಾನು ಹೇಳಲಾರೆ. 'ವೈಯಕ್ತಿಕ' ಎಂಬ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನಗಿಂತ ಧೈರ್ಯವಂತರು ಬೇರೆ ದಾರಿ ಹಿಡಿಯುತ್ತಿದ್ದರೇನೋ. ಓದುಗರು ತಮ್ಮ ಮನೆಗಳಲ್ಲಿ ಇದನ್ನು ಚರ್ಚಿಸಿದರೆ ನನಗೆ ಸಂತೋಷ. ಹೀಗೆ ರಾತ್ರಿ ಕೂತು ಓದುವ ಮಕ್ಕಳು ಈಗ ನಿಮ್ಮ ಮನೆಗಳಲ್ಲಿಯೂ ಇದ್ದಾರೆ.

ಕಳೆದ ತಿಂಗಳು ಶಾಲೆಯಲ್ಲಿ 8051ರ ಲೆಕ್ಕವನ್ನು ಮನೆಗೆ ಕೊಟ್ಟಿದ್ದೆ. ಮರುದಿನ ಒಬ್ಬ ಹುಡುಗ ಹಾಳೆಯಲ್ಲಿ ಉತ್ತರವನ್ನು ಮಾತ್ರ ಬರೆದು ತಂದ. ಹೇಗೆ ಸಿಕ್ಕಿತು ಎಂದರೆ, ಅಣ್ಣ ಹೇಳಿದ ಎಂದು ತಮಿಳಿನಲ್ಲಿ ಮೆಲ್ಲಗೆ ಒಪ್ಪಿಕೊಂಡ. ಹಿಂದಿನ ನಾನಾಗಿದ್ದರೆ ನಿಲ್ಲಿಸಿ ಗದರಿಸುತ್ತಿದ್ದೆ. ಅಂದು ಆಗಲಿಲ್ಲ. ನನ್ನ ಕುರ್ಚಿಯ ಪಕ್ಕಕ್ಕೆ ಬೆಂಚು ಎಳೆದು ಅವನನ್ನು ಕೂರಿಸಿ 5767 ಎಂದು ಬರೆದುಕೊಟ್ಟೆ. ಅವನು ಮೂರರಿಂದ ಭಾಗಿಸಿ ನೋಡಿದ, ಏಳರಿಂದ ನೋಡಿದ, ಹನ್ನೊಂದರಿಂದ ನೋಡಿದ. ಗಂಟೆ ಹೊಡೆದು ಉಳಿದ ಮಕ್ಕಳು ಊಟಕ್ಕೆ ಹೋದರು. ಅವನು ಮೂವತ್ತೊಂದರವರೆಗೆ ಬಂದಿದ್ದ. ಎದ್ದೇಳುತ್ತೀಯಾ ಎಂದು ಕೇಳಿದೆ. ಇನ್ನೂ ಸ್ವಲ್ಪ ಇರಿ ಸಾರ್ ಎಂದ. ನಾನೂ ಕೂತೆ.