ಸಮಾನರ ನಡುವಿನ ಮುಂದಾಳು

ನಂಜನಗೂಡಿನದೋ ತಿ. ನರಸೀಪುರದ್ದೋ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ವಾರ್ಷಿಕೋತ್ಸವ ಹತ್ತಿರವಾಗಿದೆ. ಸಂಗೀತದ ಮೇಷ್ಟ್ರು ಊರಿನಲ್ಲಿಲ್ಲ. ‘ಇವತ್ತಿನ ತಾಲೀಮು ನೀನೇ ನಡೆಸಮ್ಮ’ ಎಂದು ಒಬ್ಬ ವಿದ್ಯಾರ್ಥಿನಿಗೆ ಹೇಳಿ ಹೋಗಿದ್ದಾರೆ. ನಿನ್ನೆಯವರೆಗೆ ಸಾಲಿನಲ್ಲಿ ನಿಂತು ಹಾಡುತ್ತಿದ್ದವಳು ಇಂದು ಸಾಲಿನ ಎದುರು ನಿಂತಿದ್ದಾಳೆ. ಆಪ್ತ ಗೆಳತಿಯೊಬ್ಬಳ ಶ್ರುತಿ ತಪ್ಪುತ್ತಿದೆ. ಹೇಳಿದರೆ ‘ಇವಳೇನು ದೊಡ್ಡವಳೋ’ ಎಂಬ ಮಾತು. ಹೇಳದಿದ್ದರೆ ಹಾಡು ಕೆಡುತ್ತದೆ.

ಸಮಾನರನ್ನು ತಿದ್ದುವ ಹಕ್ಕು ಅವಳಿಗೆ ಎಲ್ಲಿಂದ ಬಂತು? ಮೇಷ್ಟ್ರ ಅಪ್ಪಣೆ ಎದುರು ನಿಲ್ಲುವ ಅವಕಾಶ ಕೊಟ್ಟೀತು, ಉಳಿದವರ ಒಪ್ಪಿಗೆಯನ್ನು ಕೊಡಲಾರದು. ಪ್ರತಿಭೆಯಿಂದ ಎನ್ನೋಣವೇ? ಅವಳಿಗಿಂತ ಒಳ್ಳೆಯ ಕಂಠದವರು ಅದೇ ಸಾಲಿನಲ್ಲಿರಬಹುದು. ನಿಜಕ್ಕೂ ಆ ಹಕ್ಕು ಬರುವುದು ಶ್ರುತಿಯಿಂದ. ಹಾಡು ಆರಂಭವಾಗುವ ಮೊದಲೇ ಎಲ್ಲರೂ ಒಪ್ಪಿಕೊಂಡ ಅಳತೆ ಅದು. ತಿದ್ದುವವಳು ತನ್ನ ಇಷ್ಟವನ್ನು ಹೇರುತ್ತಿಲ್ಲ. ಶ್ರುತಿಪೆಟ್ಟಿಗೆ ಹೇಳುತ್ತಿರುವುದನ್ನೇ ನೆನಪಿಸುತ್ತಿದ್ದಾಳೆ. ಆದರೆ ಆ ಅಳತೆಗೆ ಅವಳೂ ಒಳಪಟ್ಟವಳು. ‘ನಿನ್ನ ತಾಳ ಓಡುತ್ತಿದೆ’ ಎಂದು ಗೆಳತಿ ಹೇಳಿದರೆ ಕೇಳಿಸಿಕೊಳ್ಳದವಳಿಗೆ ಇನ್ನೊಬ್ಬರನ್ನು ತಿದ್ದುವ ಹಕ್ಕು ಉಳಿಯುವುದಿಲ್ಲ.

ಗೆಳತಿಯ ಮನಸ್ಸು ನೋಯಬಾರದೆಂದು ಸುಮ್ಮನಿರುವುದನ್ನು ನಾವು ದಯೆ ಎಂದು ತಿಳಿಯುತ್ತೇವೆ. ಅದರ ಬೆಲೆಯನ್ನು ತೆರುವವರು ಇಡೀ ತಂಡದವರು. ಇಂದು ಕೋಣೆಯಲ್ಲಿ ತಿಳಿಯದ ತಪ್ಪು ನಾಳೆ ವೇದಿಕೆಯ ಮೇಲೆ, ಸಭಿಕರ ಮುಖ ನೋಡಿ ಅವಳಿಗೆ ತಿಳಿಯುತ್ತದೆ. ಹಾಗೆಂದು ಎಲ್ಲರೆದುರು ಹೆಸರು ಕರೆದು ನಾಚಿಸುವುದೂ ನ್ಯಾಯವಲ್ಲ. ಆ ಸಾಲನ್ನು ಎಲ್ಲರಿಂದಲೂ ಮತ್ತೊಮ್ಮೆ ಹಾಡಿಸಬಹುದು. ಸಾಲದಿದ್ದರೆ ಬಿಡುವಿನಲ್ಲಿ ಅವಳೊಬ್ಬಳಿಗೇ ಹೇಳಬಹುದು.

ಶ್ರುತಿ ತೀರ್ಮಾನಿಸದ ಸಂಗತಿಗಳೂ ಇವೆ. ಹಾಡಿನ ಕಾಲಪ್ರಮಾಣ ಎಷ್ಟಿರಬೇಕು? ಇಬ್ಬರ ಅಭಿಪ್ರಾಯವೂ ಸರಿಯಿರಬಹುದು, ಆದರೆ ಒಂದು ಹಾಡು ಏಕಕಾಲಕ್ಕೆ ಎರಡು ವೇಗದಲ್ಲಿ ಸಾಗದು. ನಂಜನಗೂಡಿನ ದೊಡ್ಡ ತೇರಿಗೆ ನೂರಾರು ಕೈಗಳು ಹಗ್ಗ ಹಿಡಿದರೂ ಎಲ್ಲರೂ ಒಂದೇ ಹೊತ್ತಿಗೆ ಜಗ್ಗದಿದ್ದರೆ ತೇರು ಅಲುಗದು. ಇಲ್ಲಿ ಒಬ್ಬಳು ನಿರ್ಧರಿಸಬೇಕು, ಮನಸ್ಸಿಗೆ ಪೂರ್ತಿ ಒಪ್ಪದವರೂ ಜೊತೆಗೆ ಹಾಡಬೇಕು. ನಿರ್ಧಾರ ತಪ್ಪಾದರೆ ಹೊಣೆ ಅವಳದೇ.

ಅನುಸರಿಸುವುದೆಂದರೆ ಕೀಳಾಗುವುದೇ? ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರನ್ನು ನೋಡಿ. ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣ ಶಿಸ್ತಿನಲ್ಲಿ ಕಲಿತ ಅವರು ನಾಡಿಗೆಲ್ಲ ಹೆಸರಾದದ್ದು ಮುಖ್ಯವಾಗಿ ಪಕ್ಕವಾದ್ಯದಿಂದ. ಗಾಯಕರನ್ನು ಅನುಸರಿಸುವುದೇ ಪಕ್ಕವಾದ್ಯದ ಧರ್ಮ. ಆದರೂ ಧ್ವನಿವರ್ಧಕಗಳಿಲ್ಲದ ಆ ದಿನಗಳಲ್ಲಿ ತಮ್ಮ ಪಿಟೀಲಿನ ನಾದ ಹಿಂದೆ ಕುಳಿತವರಿಗೂ ಕೇಳಿಸಲೆಂದು, 1927ರ ಸುಮಾರಿಗೆ ನಾಲ್ಕು ತಂತಿಗಳಿಗೆ ಮೂರು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. 1957ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಗೌರವ ನೀಡಿತು. ಹಿಂಬಾಲಿಸುವವನಿಗೂ ಕಛೇರಿಯ ಪೂರ್ಣ ಹೊಣೆಯಿದೆ ಎಂಬುದನ್ನು ಅವರ ಬದುಕು ತೋರಿಸುತ್ತದೆ.

ಮನೆ, ಮೊಹಲ್ಲಾ, ಸಂಘ, ಪಂಚಾಯತಿ ಎಲ್ಲೆಡೆಯೂ ನಮ್ಮಲ್ಲೊಬ್ಬರು ಒಂದಲ್ಲ ಒಂದು ದಿನ ಮುಂದೆ ನಿಲ್ಲಬೇಕಾಗುತ್ತದೆ. ಅಲ್ಲಿ ನಮ್ಮ ಜಗಳಗಳು ಹೆಚ್ಚಾಗಿ ಯಾರು ಮುಂದೆ ನಿಲ್ಲಬೇಕೆಂಬುದರ ಬಗ್ಗೆಯೇ ಇರುತ್ತವೆ. ನಾವೆಲ್ಲರೂ ಒಪ್ಪಿಕೊಂಡ ಶ್ರುತಿ ಯಾವುದೆಂದು ಮೊದಲು ಕೇಳಿಕೊಂಡರೆ, ಮುಂದೆ ನಿಂತವರ ಮಾತು ಸಹ್ಯವಾಗುತ್ತದೆ. ಹಿಂದೆ ನಿಂತವರ ಮಾತಿಗೂ ಬೆಲೆ ಬರುತ್ತದೆ.