ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಜ್ವರ

ವಯನಾಡಿಗೆ ಸಮುದ್ರವಿಲ್ಲ. ಆದರೂ ಮೈಸೂರು, ಚಾಮರಾಜನಗರದ ಕಡೆಯವರಿಗೆ ಸಮುದ್ರದ ಆಸೆ ಚಿಗುರುವುದು ಅಲ್ಲಿಂದಲೇ. ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾಯ್ದು, ಮುತ್ತಂಗ, ಸುಲ್ತಾನ್ ಬತ್ತೇರಿ, ಕಲ್ಪೆಟ್ಟ, ವೈತ್ತಿರಿ ಎಂದು ಊರು ಎಣಿಸುತ್ತ ಲಕ್ಕಿಡಿಗೆ ಬಂದರೆ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಕೆಳಗೆ ತಾಮರಶ್ಶೇರಿ ಘಾಟಿಯ ಒಂಬತ್ತು ಹೇರ್‌ಪಿನ್ ತಿರುವುಗಳು. ಅಲ್ಲಿನವರ ಬಾಯಲ್ಲಿ ಬರೀ ‘ಚುರಂ’. ಅದಿಳಿದರೆ ಕೋಳಿಕ್ಕೋಡ್, ಕಾಪ್ಪಾಡ್, ಬೇಪೂರ್. ಪ್ರವಾಸಿಯ ಲೆಕ್ಕದಲ್ಲಿ ವಯನಾಡು ಎಂದರೆ ಕಡಲಿಗೆ ಮುಂಚೆ ಒಂದು ರಾತ್ರಿ ತಂಗುವ ಜಾಗ, ಚಹಾ ತೋಟದ ನಾಲ್ಕು ಫೋಟೊ.

ಈ ಲೆಕ್ಕ ಕೆಡಲು ಒಂದು ಜ್ವರ ಸಾಕು. ಕಲ್ಪೆಟ್ಟದ ಲಾಡ್ಜಿನಲ್ಲಿ ನನಗೆ ಬಂದದ್ದು ಹೇಳಿಕೊಳ್ಳುವಂಥ ಕಾಯಿಲೆಯೇನಲ್ಲ. ಸಂಜೆ ಚಳಿ, ರಾತ್ರಿಯೆಲ್ಲ ವಾಂತಿ, ಬೆಳಗಿನ ಜಾವ ಎದ್ದು ನಿಂತರೆ ಗೋಡೆಯೇ ವಾಲುವ ಸ್ಥಿತಿ. ಕಿಟಕಿಯಾಚೆ ಬೆಟ್ಟದ ಮೇಲಿನ ಮಂಜು ಹಿಂದಿನ ದಿನದಷ್ಟೇ ಚೆಂದವಾಗಿತ್ತು, ಆದರೆ ಅದನ್ನು ಕಟ್ಟಿಕೊಂಡು ನನಗೇನೂ ಆಗಬೇಕಿರಲಿಲ್ಲ. ಔಷಧಿ ಅಂಗಡಿ ಎಷ್ಟು ದೂರ, ಡಾಕ್ಟರು ಎಷ್ಟೊತ್ತಿಗೆ ಬರುತ್ತಾರೆ, ಬಚ್ಚಲಿಗೆ ಎಷ್ಟು ಹೆಜ್ಜೆ: ಊರೆಂದರೆ ಇಷ್ಟೇ ಆಗಿತ್ತು.

ಲಾಡ್ಜ್ ನೋಡಿಕೊಳ್ಳುವ ಹಿರಿಯರು ಹುಣಸೂರಿನ ಕಡೆ ಹೊಲ ಗುತ್ತಿಗೆ ಹಿಡಿದು ಶುಂಠಿ ಬೆಳೆದವರು. ಅಲ್ಲೇ ಕಲಿತ ಕನ್ನಡ. ಒಂದು ಜಗ್ಗಿನಲ್ಲಿ ಪದಿಮುಗಂ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರು, ಬಟ್ಟಲಲ್ಲಿ ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಸುಟ್ಟ ಹಪ್ಪಳ ತಂದಿಟ್ಟರು. ಗುಟುಕು ಗುಟುಕಾಗಿ ಕುಡಿಯಬೇಕು ಎಂದು ನಿಂತೇ ಕುಡಿಸಿದರು. ಆಮೇಲೆ, “ಹುಷಾರಿಲ್ದೆ ಚುರಂ ಇಳೀಬೇಡಿ ಸಾರ್. ಬ್ಲಾಕ್ ಆದ್ರೆ ಗಾಡಿ ಪಕ್ಕಕ್ಕೆ ಹಾಕಿ ವಾಂತಿ ಮಾಡೋಕೂ ಜಾಗ ಇರಲ್ಲ,” ಎಂದರು.

ಬ್ಲಾಕ್ ಎಂದರೆ ನಮಗೆ ಕಿರಿಕಿರಿ, ಅವರಿಗೆ ಭಯ. ವಯನಾಡಿನಲ್ಲಿ ಕಾಯಿಲೆ ಕೈಮೀರಿದರೆ ರೋಗಿಯನ್ನು ಇಳಿಸುವುದು ಇದೇ ಘಾಟಿಯಲ್ಲಿ, ಕೋಳಿಕ್ಕೋಡ್ ಮೆಡಿಕಲ್ ಕಾಲೇಜಿಗೆ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆಯನ್ನು 2021ರಲ್ಲಿ ಮೆಡಿಕಲ್ ಕಾಲೇಜು ಮಾಡಿದ ಮೇಲೂ ಆ ಇಳಿತ ನಿಂತಿಲ್ಲ. ಓಣಂ, ದಸರಾ ರಜೆಯಲ್ಲಿ ನಮ್ಮ ಕಡೆಯ ಕಾರುಗಳು ಲಕ್ಕಿಡಿಯ ವ್ಯೂಪಾಯಿಂಟ್‌ನಲ್ಲಿ ಅರ್ಧ ರಸ್ತೆಗೆ ನಿಂತಿರುತ್ತವೆ, ಹಿಂದಿನಿಂದ ಆಂಬುಲೆನ್ಸ್ ಕೂಗುತ್ತಿರುತ್ತದೆ. ಅದೂ ಸಮುದ್ರದ ದಿಕ್ಕಿಗೇ ಹೊರಟ ಗಾಡಿ.

ವಯನಾಡಿಗೆ ಜ್ವರ ಹೊಸತಲ್ಲ. 1940ರ ದಶಕದಲ್ಲಿ ತಿರುವಾಂಕೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದು ಕಾಡು ಕಡಿದವರನ್ನು ಮಲೇರಿಯಾ ಸಾಲುಸಾಲಾಗಿ ಮಲಗಿಸಿತು. ಮಲಬಾರಿಗೆ ಬಂದ ಈ ವಲಸಿಗರ ಪಾಡನ್ನೇ ಎಸ್.ಕೆ. ಪೊಟ್ಟೆಕ್ಕಾಟ್ 1948ರಲ್ಲಿ ‘ವಿಷಕನ್ಯಕ’ ಎಂಬ ಕಾದಂಬರಿಯಾಗಿಸಿದರು. ಆಮೇಲೆ ನಮ್ಮದೇ ಕೊಡುಗೆ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2015ರಲ್ಲಿ ವಯನಾಡಿನ ಹಲವರ ಜೀವ ತೆಗೆಯಿತು. ಅದನ್ನು ಹರಡುವ ಉಣ್ಣೆಗೆ ರಾಜ್ಯದ ಗಡಿ ಎಲ್ಲಿ ಕಾಣಬೇಕು? ಕೋಳಿಕ್ಕೋಡ್ ಮೆಡಿಕಲ್ ಕಾಲೇಜು ಶುರುವಾದದ್ದೂ ಅದೇ 1957ರಲ್ಲಿ. ಕಾಕತಾಳೀಯ, ಆದರೂ ಹಾಸಿಗೆ ಹಿಡಿದವನಿಗೆ ಇಂಥವೇ ನೆನಪಾಗುತ್ತವೆ.

ನನಗೆ ಗಾಮನೂ ನೆನಪಾದ. 1498ರಲ್ಲಿ ಕಾಪ್ಪಾಡಿನಲ್ಲಿ ಇಳಿದನೆಂದು ಹೇಳುವ ವಾಸ್ಕೋ ಡ ಗಾಮ ಮರಳುವಾಗ ಕಾರವಾರದ ಎದುರಿನ ಅಂಜುದೀವ್‌ನಲ್ಲಿ ತಂಗಿ, ಅನುಕೂಲದ ಗಾಳಿಗೆ ಕಾಯದೆ ಹೊರಟ. ಬರುವಾಗ 23 ದಿನದಲ್ಲಿ ದಾಟಿದ ಕಡಲು ಹೋಗುವಾಗ ಸುಮಾರು ಮೂರು ತಿಂಗಳು ನುಂಗಿತು. ಒಸಡು ಊದಿ, ರಕ್ತ ಸೋರಿ ಅನೇಕರು ಸತ್ತರು, ಸ್ಕರ್ವಿ. ಕೊನೆಗೆ ನಡೆಸಲು ಜನವಿಲ್ಲದೆ ಒಂದು ಹಡಗನ್ನೇ ಸುಟ್ಟರು. ಅವರು ಬೆನ್ನು ಹಾಕಿದ ಕರಾವಳಿಯ ಮೇಲಿನ ಬೆಟ್ಟಗಳಲ್ಲಿ ಸ್ಕರ್ವಿ ತಡೆಯುವ ನೆಲ್ಲಿಕಾಯಿ ಉದುರಿ ಬಿದ್ದಿರುತ್ತಿತ್ತು. ಒಣಗಿಸಿ ಚೀಲಕ್ಕೆ ತುಂಬಿಕೊಂಡಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ. ಆದರೆ ಮೆಣಸು ಹುಡುಕಿ ಬಂದವನ ಕಣ್ಣಿಗೆ ಮೆಣಸೇ ಕಾಣುವುದು. ಗಟ್ಟಿಮುಟ್ಟಾಗಿದ್ದಾಗ ನಾವೂ ಅಷ್ಟೆ: ಏನನ್ನು ನೋಡಲು ಹೊರಟೆವೋ ಅದನ್ನು ಮಾತ್ರ ನೋಡಿ ಬರುತ್ತೇವೆ. ಮೈ ಕೆಟ್ಟಾಗಲೇ ಈ ನೆಲದಲ್ಲಿ ಬೇರೆ ಏನೇನಿದೆ, ಏನೇನಿಲ್ಲ ಎಂದು ವಿಚಾರಿಸುವುದು. ಅಲ್ಲೇ ಬದುಕುವವರು ದಿನವೂ ವಿಚಾರಿಸುವುದು ಅದನ್ನೇ.

ಜ್ವರ ಬಿಟ್ಟ ಮೇಲೆ ಕೋಳಿಕ್ಕೋಡಿನ ಬಸ್ ಹತ್ತಿದೆ. ಕಲ್ಪೆಟ್ಟದಿಂದ ಬೆಳಿಗ್ಗೆ ಹೊರಡುವ ಆ ಬಸ್ಸಿನಲ್ಲಿ ತೊಡೆಯ ಮೇಲೆ ಎಕ್ಸ್‌ರೇ ಕವರು, ಕಾಲ ಬುಡದಲ್ಲಿ ಫ್ಲಾಸ್ಕು, ಸುತ್ತಿದ ಚಾಪೆ. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಗೆ ಎಂದು ಮಲಯಾಳದಲ್ಲಿ ಕೇಳಿದರು. ಬೀಚಿಗೆ, ಎಂದೆ. ಯಾರನ್ನು ಸೇರಿಸಿದ್ದೀರಿ, ಎಂದರು. ಕೋಳಿಕ್ಕೋಡಿನ ಸರ್ಕಾರಿ ಜನರಲ್ ಆಸ್ಪತ್ರೆ ಇರುವುದು ಕಡಲ ದಂಡೆಯ ರಸ್ತೆಯಲ್ಲೇ. ಜನ ಅದನ್ನು ಕರೆಯುವುದು ಬೀಚ್ ಆಸ್ಪತ್ರೆ ಎಂದು. ಇನ್ನೂ ಬಾಡಿಯೇ ಇದ್ದ ನನ್ನ ಮುಖ ನೋಡಿ ಅವರೇ ಮುಂದುವರಿಸಿದರು: ಓಪಿ ಚೀಟಿಗೆ ಸಾಲು ಉದ್ದ ಇರುತ್ತದೆ, ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆಟೊ ಹಿಡಿಯಿರಿ, ಹಳೆಯ ಚೀಟಿ ಇದ್ದರೆ ಮೇಲೆ ಇಟ್ಟುಕೊಳ್ಳಿ.